ಪಕ್ಕದ ಸೀಟು

“ಹೆಂಡ್ತೀನ ಪಕ್ಕದ ಸೀಟಲ್ಲಿ ಕೂರಿಸ್ಕೋಬೇಡಪ್ಪ, ಹಿಂದೆ ಕೂರಿಸು. ಆ ಸೀಟೊಳಗೆ ಮಾಟ ಇದೆ.”

ಸಿದ್ಧಾರ್ಥನಗರದ ಮನೆಯಲ್ಲಿ ಮಾರಿದ ಕಾರಿನ ಕೀಲಿ ಕೊಡುವಾಗ ಅದರ ಒಡತಿ ಅಲಮೇಲಮ್ಮ ಹೇಳಿದ್ದು ಇಷ್ಟೇ. ಎಂಬತ್ತು ದಾಟಿದ ಮುದುಕಿ ಕೀಲಿಯನ್ನು ಸೆರಗಿನ ತುದಿಯಿಂದ ಹಿಡಿದು ಕೊಟ್ಟಳು. ಪ್ರದ್ಯುಮ್ನ ನಕ್ಕುಬಿಟ್ಟ. ಅವನ ತಾತ ಅರಮನೆಯ ಚಾಕರಿಯಲ್ಲಿ ಆಯುಷ್ಯವೆಲ್ಲ ದೊಡ್ಡವರನ್ನು ಹಿಂದೆ ಕೂರಿಸಿಕೊಂಡು ಕಾರು ಓಡಿಸಿದವರು. ಕಟ್ಟಿಕೊಂಡವಳನ್ನು ಒಂದು ದಿನವೂ ಪಕ್ಕದಲ್ಲಿ ಕೂರಿಸಿಕೊಳ್ಳಲಾಗಲಿಲ್ಲ ಎಂದು ಸಾಯುವತನಕ ಕೊರಗಿದವರು. ಅಂಥ ಮನೆಯ ಹುಡುಗನಿಗೆ ಇದೆಂಥ ಬುದ್ಧಿವಾದ? ನಾನೇನು ಅವಳ ಡ್ರೈವರ್ರಾ ಅಜ್ಜಿ ಎಂದ. ಹಳೇ ಕಾರಿನ ಜೊತೆ ಮಾಟವೂ ಪುಕ್ಕಟೆಯೋ ಎಂದು ಚೇಷ್ಟೆ ಬೇರೆ ಮಾಡಿದ. ಮುದುಕಿ ನಗಲಿಲ್ಲ.

ಅದು ಪಾಂಡಿಚೇರಿಯಿಂದ ಬಂದಿದ್ದ ಹಳೆಯ ಫ್ರೆಂಚ್ ಸಿಟ್ರೋಯೆನ್. ದೊಡ್ಡ ರೋಗವೇನಿರಲಿಲ್ಲ. ಕಾರ್ಬುರೇಟರ್ ತೊಳೆದು, ವೈರಿಂಗ್ ಬದಲಾಯಿಸಿ, ತುಕ್ಕು ಉಜ್ಜಿ ಬಣ್ಣ ಹೊಡೆದರೆ ಆಯಿತು. ಆದರೆ ಅವನು ಕೊಂಡದ್ದು ಹೆಂಡತಿ ಲಹರಿಗಾಗಿ. ಹೊಟ್ಟೆಯಲ್ಲಿದ್ದ ಕೂಸು ಏಳನೇ ತಿಂಗಳಲ್ಲಿ ಹೋದಮೇಲೆ ಅವಳು ಮಾತು ಬಿಟ್ಟಿದ್ದಳು. ರಾಮಕೃಷ್ಣನಗರದ ಮನೆಯಲ್ಲಿ ಇಬ್ಬರೂ ಗುರುತಿಲ್ಲದ ಬಾಡಿಗೆದಾರರ ಹಾಗೆ ಓಡಾಡಿಕೊಂಡಿದ್ದರು. ಮದುವೆಯಾದ ಹೊಸತರಲ್ಲಿ ಪಾಂಡಿಚೇರಿಯ ಬೀದಿಯಲ್ಲಿ ಇಂಥದೇ ಕಾರಿಗೆ ಒರಗಿ, ಇದನ್ನ ಕೊಡಿಸ್ತೀಯಾ ಎಂದು ಕೇಳಿದ್ದವಳು ಅವಳು.

ಉಪಾಯ ಫಲಿಸಿತು. ಹಿನಕಲ್‌ನಲ್ಲಿ ಬಾಡಿಗೆಗೆ ಹಿಡಿದಿದ್ದ ಶೆಡ್ಡಿಗೆ ಒಂದು ಭಾನುವಾರ ಲಹರಿ ಕಾಫಿ ತಂದವಳು, ತಾನಾಗಿ ಉಪ್ಪುಕಾಗದ ಹಿಡಿದು ಬಾನೆಟ್ ಉಜ್ಜತೊಡಗಿದಳು. ಅವನ ಮೂಗಿಗೆ ಹತ್ತಿದ ಬಣ್ಣ ನೋಡಿ ನಕ್ಕಳು. ಕೂಸಿಗೆ ಇಡಬೇಕೆಂದಿದ್ದ ಹೆಸರನ್ನು ಮೊದಲ ಸಲ ಬಾಯಿಬಿಟ್ಟು ಹೇಳಿ, ಅವನ ಹೆಗಲ ಮೇಲೆ ಅತ್ತು ಹಗುರಾದಳು.

ಆಯುಧಪೂಜೆಯ ದಿನ ಕಾರಿಗೆ ಅರಿಸಿನ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟರು. ಅಜ್ಜಿಯ ಮಾತನ್ನು ತಮಾಷೆಗೆಂದು ಅವನು ಮೊದಲೇ ಹೇಳಿದ್ದ. ಲಹರಿ ಹಿಂದಿನ ಬಾಗಿಲು ತೆಗೆದಳು. ಯಾಕೋ ಇವತ್ತೊಂದು ದಿನ ಬೇಡ ಅನ್ನಿಸುತ್ತೆ ಎಂದಳು. ಅವನು ಬಿಡಬೇಕಲ್ಲ? ಡ್ರೈವರ್ ಮೊಮ್ಮಗ ಡ್ರೈವರೇ ಆದ ಅಂತಾರೆ ಬೀದಿಯವರು ಎಂದು, ಕೈಹಿಡಿದು ತಂದು ಪಕ್ಕದಲ್ಲಿ ಕೂರಿಸಿದ. ವಿನಾಶಕಾಲೇ ವಿಪರೀತ ಬುದ್ಧಿ.

ಕುಕ್ಕರಹಳ್ಳಿ ಕೆರೆಯ ಹತ್ತಿರ ಬರುವಷ್ಟರಲ್ಲಿ ಸೀಟಿನಡಿಯಿಂದ ವಾಸನೆ ಎದ್ದಿತು. ಸುಟ್ಟ ಕೂದಲಿನ ವಾಸನೆ. ವೈರು ಸುಡುತ್ತಿರಬೇಕು ಎಂದುಕೊಂಡ. ಅವನ ಕೈಮೇಲಿದ್ದ ಅವಳ ಕೈ ಮೆಲ್ಲಗೆ ಜಾರಿತು. ಅವಳು ಕಿಟಕಿಯ ಕಡೆ ಸರಿದಳು. ಇನ್ನೂ ಸರಿದಳು. ಬಾಗಿಲಿಗೆ ಅಂಟಿಕೊಂಡು ಮೂಗು ಮುಚ್ಚಿಕೊಂಡಳು. ಕಾರು ನಿಂತಿದ್ದೇ ಇಳಿದು ರಸ್ತೆಬದಿಯಲ್ಲಿ ವಾಂತಿ ಮಾಡಿದಳು. ಬೆನ್ನು ಸವರಲು ಹೋದರೆ ಹಾವು ಕಂಡವಳಂತೆ ಹಾರಿದಳು.

“ಕೋಪ ಇಲ್ಲ ಕಣೋ,” ಎಂದಳು ಅಳುತ್ತ. “ನಿನ್ನನ್ನ ಕಂಡ್ರೆ ಹೇಸಿಗೆ ಆಗ್ತಿದೆ. ಯಾಕೆ ಅಂತ ನಂಗೂ ಗೊತ್ತಿಲ್ಲ.”

ಅಂದೇ ಊರಲ್ಲೇ ಇದ್ದ ತವರಿಗೆ ಹೋದಳು. ಅಲ್ಲಿಯೂ ಅವನ ನೆನಪು ಬಂದರೆ ಸಾಕು, ತಿಂದದ್ದೆಲ್ಲ ಹೊರಗೆ. ಡಾಕ್ಟರು ಕೊಟ್ಟ ಮಾತ್ರೆಯೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನೋಡನೋಡುತ್ತ ಕಡ್ಡಿಯಾದಳು.

ಕೆಟ್ಟ ಮೇಲೆ ಬುದ್ಧಿ ಬಂತು. ಪ್ರದ್ಯುಮ್ನ ಹೋಗಿ ಅಲಮೇಲಮ್ಮನ ಕಾಲು ಹಿಡಿದ. ಮುದುಕಿ ಆಗ ಎಲ್ಲ ಹೇಳಿದಳು. ಅವಳ ಗಂಡ ಇನ್ನೊಬ್ಬಳನ್ನು ಆ ಸೀಟಿನಲ್ಲಿ ಕೂರಿಸಿಕೊಂಡು ತಿರುಗುತ್ತಿದ್ದ. ಅವರಿಬ್ಬರನ್ನು ಅಗಲಿಸಲೆಂದು ಮಾಟ ಮಾಡಿಸಿ, ಕೂದಲು ಸುತ್ತಿದ ತಾಮ್ರದ ತಗಡನ್ನು ತಾನೇ ಸೀಟಿನೊಳಗಿಟ್ಟು ಹೊಲಿದಿದ್ದಳು. ಆ ಹೆಂಗಸು ಬಿಟ್ಟು ಹೋದಳು. ಗೆದ್ದೆನೆಂದು ಇವಳು ಅದೇ ಜಾಗದಲ್ಲಿ ಕೂತಳು.

“ಮಾಟಕ್ಕೆ ಕೂತೋಳು ಯಾರು ಅಂತ ಗೊತ್ತಾಗಲ್ಲ ಕಣಪ್ಪ. ಸಾಯೋವಾಗ ನಮ್ಮನೆಯವರು ನೀರು ಕೇಳಿದ್ರು. ಹತ್ತಿರ ಹೋಗೋಕೆ ನಂಗೆ ಆಗ್ಲಿಲ್ಲ.”

ತಗಡು ತೆಗೆಯಲು ಬರುತ್ತಿತ್ತು, ಆದರೆ ಪಕ್ಕದಲ್ಲಿ ಕೂರಿಸಿಕೊಂಡವನೇ ತೆಗೆಯಬೇಕು. ತೆಗೆದರೆ ಕೂತವಳ ಹೇಸಿಗೆ ಅವನಿಗೆ ಅಂಟಿ, ಅವಳನ್ನು ಕಂಡರೆ ಅವನಿಗೆ ಆಗದಂತಾಗುತ್ತದೆ. ಮತ್ತೆ ಅವಳು ಆ ತಗಡನ್ನು ಮುಟ್ಟಿದರೆ ಅವಳಿಗೇ ಮರಳುತ್ತದೆ. ಗಂಡನಿಗೆ ಇದನ್ನು ಹೇಳಲು ಅಲಮೇಲಮ್ಮನಿಗೆ ಕೊನೆಯವರೆಗೂ ನಾಚಿಕೆಯಾಗಿತ್ತು.

ಹಿನಕಲ್‌ನ ಶೆಡ್ಡು. ಮುಸ್ಸಂಜೆ. ಕರೆಂಟ್ ಇರಲಿಲ್ಲ. ಅವನು ಒಳಗಿನಿಂದ ಚಿಲಕ ಹಾಕಿ, ಬ್ಲೇಡಿನಿಂದ ಸೀಟು ಕೊಯ್ದ. ತೆಂಗಿನ ನಾರು. ಕೈ ಒಳಗಿಳಿಯಿತು. ಕೂದಲು. ಉದ್ದ ಕೂದಲು. ಬೆರಳಿಗೆ ಸುತ್ತಿಕೊಂಡಿತು. ಎಳೆದ. ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದಂತಿತ್ತು. ಲಹರಿಯ ನಗು ನೆನೆದ. ಇದೇ ಕೊನೆ ಎಂದು ಗೊತ್ತಿದ್ದೇ ನೆನೆದ. ಸೀಟಿಗೆ ಕಾಲು ಒತ್ತಿದ. ಎಳೆದ. ತಗಡು ಬಂತು.

ಫೋನು ಹೊಡೆದುಕೊಂಡಿತು. “ಹಸಿವಾಗ್ತಿದೆ ಕಣೋ,” ಎಂದಳು ಲಹರಿ, ನಗುತ್ತ, ಅಳುತ್ತ. “ಎಲ್ಲಿದೀಯಾ? ಶೆಡ್ಡಲ್ಲಾ? ಬರ್ತಿದೀನಿ.”

ಅವನು ಬರಬೇಡ ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಸ್ವಲ್ಪ ಹೊತ್ತಿಗೆ ಆಟೋ ನಿಂತ ಸದ್ದು. ಬಾಗಿಲು ಬಡಿದ ಸದ್ದು. ಬಳೆಯ ಸದ್ದು. ಬಾಗಿಲ ಸಂದಿಯಿಂದ ಅವಳ ತಲೆಗೆಣ್ಣೆಯ ಪರಿಮಳ ಒಳಗೆ ಬಂತು. ಅವನಿಗೆ ಹೊಟ್ಟೆ ತೊಳೆಸಿತು.

ನಿಜ ಹೇಳಿಬಿಟ್ಟರೆ ಅವಳು ಹಿಂದೆಮುಂದೆ ನೋಡದೆ ತಗಡಿಗೆ ಕೈಹಾಕುತ್ತಾಳೆ. ಅಷ್ಟು ಅವನಿಗೆ ಗೊತ್ತಿತ್ತು. ಉಳಿದ ಚೂರು ಪ್ರೀತಿಯಲ್ಲಿ ಒಂದು ಸುಳ್ಳು ಹೇಳಿ ಅವಳನ್ನು ಉಳಿಸಬೇಕೆಂದುಕೊಂಡ.

“ನಂಗೆ ನೀನು ಬೇಡ. ಹೋಗು.”

ಹೊರಗೆ ಬಳೆಯ ಸದ್ದು ನಿಂತಿತು. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೂ ಮೂಗು ಮುಚ್ಚಿಕೊಂಡು, ಅವಳು ಬೇಗ ಹೋಗಲಿ ಎಂದು ಕಾಯತೊಡಗಿದ. ಹೇಳಿದ್ದು ಸುಳ್ಳಲ್ಲ ಎಂದು ಅವನಿಗೆ ತಿಳಿದದ್ದು ಆಗಲೇ.