ಬೊಂಬೆಗೆ ಹೇಳಿದ ಸಾರಿ

"ಫೋನ್ ಕೆಳಗಿಡಿ! ಮೊದಲು ಆ ಫೋನ್ ಕೆಳಗಿಡಿ!"

ಅವಳ ಕೂಗಿಗೆ ನರ್ಸಿಂಗ್ ಕಾಲೇಜಿನ ಲ್ಯಾಬಿನ ಗಾಜಿನ ಬೀರುಗಳೂ ಬೆಚ್ಚಿಬಿದ್ದಿರಬೇಕು. ಬೆಳಗಿನ ಏಳು ಗಂಟೆಗೆ ಇಲ್ಲಿ ಯಾರೂ ಇರುವುದಿಲ್ಲವೆಂದು ನಂಬಿ ಬಂದವಳು. ನೋಡಿದರೆ ಮಂಚದ ಮೇಲೆ ಮಲಗಿಸಿದ್ದ ಅಭ್ಯಾಸದ ಬೊಂಬೆಯ ಪಕ್ಕ ಉದ್ದನೆಯ ಹುಡುಗನೊಬ್ಬ ಫೋನ್ ಹಿಡಿದು ನಿಂತಿದ್ದ!

"ಅಯ್ಯೋ, ಟಾರ್ಚ್ ಅಷ್ಟೇ ರೀ... ಬೊಂಬೆ ತೋಳಿನ ರಬ್ಬರ್ ಹರಿದಿದ್ಯಾ ಅಂತ ನೋಡ್ತಿದ್ದೆ. ನಾನು ಬಿ ಸೆಕ್ಷನ್."

"ಯಾವ ಸೆಕ್ಷನ್ನಾದ್ರೂ ಸರಿ. ಕೆಳಗಿಡಿ."

ಅವನು ತಲೆಯೆತ್ತಿ ಅವಳ ಮುಖ ನೋಡಿದ. ಅವನ ಮುಖದ ಬಣ್ಣವೇ ಇಳಿದುಹೋಯಿತು. ಫೋನ್ ಆಫ್ ಮಾಡಿ ಮೇಜಿನ ಮೇಲೆ ಬೋರಲಾಗಿ ಇಟ್ಟ.

"ನೀವು ಇರೋವರೆಗೂ ಇದು ಆಫ್."

'ಇವನಿಗೂ ಗೊತ್ತು ನಾನ್ಯಾರು ಅಂತ...' ಎಂದುಕೊಂಡಳು. ಗೊತ್ತಿಲ್ಲದವರಾದರೂ ಯಾರಿದ್ದರು?

ಮೂರು ತಿಂಗಳ ಹಿಂದೆ ಅವಳು ಇದೇ ಬೊಂಬೆಗೆ ಇಂಜೆಕ್ಷನ್ ಕೊಟ್ಟಿದ್ದಳು. ಬೊಂಬೆಯನ್ನು ನಿಜವಾದ ರೋಗಿಯಂತೆ ಮಾತಾಡಿಸಬೇಕು, ಆ ಮಾತಿಗೂ ಅಂಕ ಉಂಟು. ಅವಳು "ತಾತ" ಎಂದು ಮಾತಾಡಿಸಿದಳು. ಅವಳ ಸ್ವಂತ ತಾತ ತೀರಿಕೊಂಡು ಆಗ ಎಂಟೇ ದಿನ. "ನೀನು ನರ್ಸಾದ್ಮೇಲೆ ನಿನ್ನ ಕೈಲೇ ಚುಚ್ಚಿಸ್ಕೋತೀನಿ ಪುಟ್ಟಿ" ಎನ್ನುತ್ತಿದ್ದವರು. ಸೂಜಿ ಹಿಡಿದ ಕೈ ನಡುಗಿತು.

"ನೋವಾಯ್ತಾ ತಾತ? ಸಾರಿ ತಾತ..." ಎಂದು ಬೊಂಬೆಯ ಮುಂದೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು.

ಮೇಡಂ ನೋಡಿ ಅಂಕ ಕೊಡಲೆಂದು ಪ್ರತಿಯೊಬ್ಬರ ಅಭ್ಯಾಸವೂ ಲ್ಯಾಬಿನ ಫೋನಿನಲ್ಲಿ ರೆಕಾರ್ಡ್ ಆಗುತ್ತದೆ. ಅವಳ ವಿಡಿಯೋ ಆ ಸಂಜೆ ಲ್ಯಾಬಿನ ನಂಬರಿನಿಂದಲೇ ಇಡೀ ಬ್ಯಾಚಿನ ಗ್ರೂಪಿಗೆ ಬಂದಿತ್ತು. ಯಾರೋ ಪುಣ್ಯಾತ್ಮರು ಅದರಿಂದ ಹನ್ನೆರಡು ಸೆಕೆಂಡು ಕತ್ತರಿಸಿ, ಹಿಂದೆ ತಮಾಷೆಯ ಸಂಗೀತ ಸೇರಿಸಿ ಊರಿಗೆಲ್ಲ ಹಂಚಿದರು.

ಹನ್ನೆರಡು ಸೆಕೆಂಡು! ಒಂದು ಲೋಟ ನೀರು ನೆಮ್ಮದಿಯಾಗಿ ಕುಡಿಯಲೂ ಸಾಲದ ಹೊತ್ತು. ಅಷ್ಟರಲ್ಲಿ ಒಬ್ಬಳ ಹೆಸರೇ ಹೋಗಿ 'ಸಾರಿ ತಾತ' ಆಯಿತು. ಕ್ಯಾಂಟೀನಿನಲ್ಲಿ ಚಮಚ ಬಿದ್ದರೆ ಸಾರಿ ತಾತ. ಬಾಗಿಲು ಬಡಿದರೆ ಸಾರಿ ತಾತ. ವಾರ್ಡಿನಲ್ಲಿ ರೋಗಿಯೊಬ್ಬರ ಮೊಮ್ಮಗ ಕೂಡ, "ಅಕ್ಕಾ, ಆ ವಿಡಿಯೋದಲ್ಲಿ ಅಳೋರು ನೀವೇ ಅಲ್ವಾ?" ಎಂದು ಕೇಳಿದ ದಿನದಿಂದ ಅವಳು ವಾರ್ಡಿಗೆ ಹೋಗುವುದನ್ನೇ ಬಿಟ್ಟಳು.

ಎಲ್ಲರೂ ಊಟ ಮಾಡಿ ಎದ್ದ ಮೇಲೆ ಒಬ್ಬಳೇ ಕೂತು ತಿನ್ನುತ್ತಿದ್ದಳು, ತಿಂದರೆ. ಪುಸ್ತಕ ತೆಗೆದರೆ ಒಂದೇ ಸಾಲನ್ನು ಹತ್ತು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ತರಗತಿಗೇ ಮೊದಲಿಗಳಾಗಿದ್ದವಳು ಪ್ರಾಕ್ಟಿಕಲ್‌ನಲ್ಲಿ ಫೇಲಾದಳು. ಈಗ ಉಳಿದಿದ್ದು ಒಂದೇ ಮರುಪರೀಕ್ಷೆ. ಅದೂ ಹೋದರೆ ವರ್ಷವೇ ಹೋದಂತೆ.

"ಫೋನ್ ಆಫ್ ಮಾಡಿ ಓದ್ಕೊಂಡ್ರಾಯ್ತಪ್ಪಾ, ಅದಕ್ಯಾಕೆ ಇಷ್ಟೊಂದು?" ಎಂದಿದ್ದರು ಅಮ್ಮ.

ವಿಡಿಯೋ ಬಂದ ದಿನ ಅವರ ಸೆಕ್ಷನ್ನಿನಲ್ಲಿ ಕೊನೆಗೆ ಲ್ಯಾಬಿನಿಂದ ಹೊರಟವಳು ಅವಳ ರೂಮಿನ ಗೆಳತಿ. "ನೀನೇ ಕಳಿಸಿದ್ದು!" ಎಂದು ಇವಳು ಎಗರಾಡಿದಳು. ಗೆಳತಿ ಅತ್ತಳು, ಆಣೆ ಮಾಡಿದಳು, ಕೊನೆಗೆ ರೂಮು ಬದಲಿಸಿಕೊಂಡು ಹೋದಳು.

ಹೀಗೆ ಯಾರೂ ಇಲ್ಲದಾದಾಗ ಸಿಕ್ಕಿದವನು ಈ ಉದ್ದನೆಯ ಹುಡುಗ. ಕೀಲಿ ನೋಡಿಕೊಳ್ಳುವ ಕೆಲಸ ಅವನದು, ದಿನಾ ಏಳಕ್ಕೆ ಲ್ಯಾಬಿನ ರಿಜಿಸ್ಟರಿನಲ್ಲಿ ಉದ್ದ ಬಾಲದ ಸಹಿ ಹಾಕಿ ಲ್ಯಾಬಿನ ಬೀಗ ತೆಗೆಯುತ್ತಿದ್ದ. ಬೊಂಬೆಯನ್ನು ಕಂಡರೆ ಅವಳ ಬಾಯಿ ಕಟ್ಟುತ್ತದೆಂದು ತಿಳಿದು ತಾನೇ ಮಂಚದ ಮೇಲೆ ಮಲಗಿ ತೋಳು ಚಾಚಿದ.

"ಸಿಸ್ಟರ್, ನಂಗೆ ಸೂಜಿ ಅಂದ್ರೇನೇ ಜ್ವರ ಬರುತ್ತೆ. ಆಮೇಲೆ ಆ ಜ್ವರಕ್ಕೆ ಇನ್ನೊಂದು ಸೂಜಿ ಬೇಕಾಗುತ್ತೆ, ನೋಡ್ಕೊಳ್ಳಿ!"

ಅವಳು ನಕ್ಕಳು. ಮೂರು ತಿಂಗಳಲ್ಲಿ ಅದೇ ಮೊದಲು! ಮುಚ್ಚಳ ತೆಗೆಯದ ಸಿರಿಂಜನ್ನು ಅವನ ತೋಳಿಗೆ ತಾಗಿಸಿ, "ಈಗ ಚುಚ್ತೀನಿ, ಸ್ವಲ್ಪ ನೋವಾಗುತ್ತೆ" ಎಂದಳು. ಕೈ ನಡುಗಲಿಲ್ಲ.

"ನಿಮ್ಮ ಹತ್ರ ಇದ್ರೆ ಯಾಕೋ ಭಯಾನೇ ಆಗಲ್ಲ" ಎಂದಳು ಒಂದು ದಿನ, ಕಿವಿಯವರೆಗೂ ಕೆಂಪಾಗಿ.

ಅವನು ತಲೆ ತಗ್ಗಿಸಿದ. "ನಿಮಗೊಂದು ಹೇಳ್ಬೇಕು... ಪರೀಕ್ಷೆ ಮುಗೀಲಿ."

ಅದು ಏನೆಂದು ತನಗೆ ಗೊತ್ತೆಂದುಕೊಂಡಳು, ಹುಚ್ಚು ಹುಡುಗಿ.

ಪರೀಕ್ಷೆಯ ಬೆಳಿಗ್ಗೆ ಹಾಜರಿಗೆ ಅದೇ ರಿಜಿಸ್ಟರು ಕೈಗೆ ಬಂತು. ತನ್ನ ಸರದಿಗೆ ಕಾಯುತ್ತ ಸುಮ್ಮನೆ ಹಿಂದಿನ ಹಾಳೆ ತಿರುವಿದಳು. ಬೇಡವೆಂದರೂ ಬೆರಳು ಆ ತಾರೀಖಿಗೇ ಹೋಯಿತು. 'ಸಂಜೆ ಮೇಡಂಗೆ ವಿಡಿಯೋ ಕಳಿಸಿದವರು' ಎಂಬಲ್ಲಿ ಒಂದು ಸಹಿ ಇತ್ತು.

ಉದ್ದ ಬಾಲದ ಸಹಿ.

ಒಳಗೆ ಹೋದಳು. ಔಷಧಿ ಸರಿಯಾಗಿ ಎಳೆದಳು, ಜಾಗ ಸರಿಯಾಗಿ ಒರೆಸಿದಳು. ಬಾಯಿ ಮಾತ್ರ ತೆರೆಯಲಿಲ್ಲ.

"ರೋಗಿ ಹತ್ರ ಮಾತಾಡಮ್ಮ" ಎಂದರು ಪರೀಕ್ಷಕರು. ಎರಡು ಸಲ ಹೇಳಿದರು. ಬಾಗಿಲಾಚೆ ಯಾರೋ ಕಿಸಕ್ಕೆಂದರು. ಅವಳು ಸಿರಿಂಜನ್ನು ತಟ್ಟೆಯಲ್ಲಿಟ್ಟು ಹೊರಗೆ ಬಂದಳು.

ಮಧ್ಯಾಹ್ನ ಬಸ್‌ಸ್ಟಾಪಿನಲ್ಲಿ ಹಾಸಿಗೆಯ ಗಂಟು, ಎರಡು ಬ್ಯಾಗು, ಅವಳು. ಅವನು ಓಡಿ ಬಂದು ಏದುಸಿರು ಬಿಡುತ್ತ ನಿಂತ.

"ನಿಮಗೊಂದು ಹೇಳ್ಬೇಕು..."

"ಗೊತ್ತು. ರಿಜಿಸ್ಟರ್ ನೋಡ್ದೆ." ಅವಳು ಅವನತ್ತ ತಿರುಗಿದಳು. "ನೀನಾ? ದಿನಾ ನನ್ನ ಮುಂದೆ ತೋಳು ಚಾಚ್ಕೊಂಡು ಮಲಗ್ತಿದ್ದೋನು ನೀನಾ?"

"ಮೇಡಂ ನಂಬರ್ ಅಂದ್ಕೊಂಡು ಗ್ರೂಪ್ ಮುಟ್ಟಿಬಿಟ್ಟೆ. ಅರ್ಧ ಗಂಟೇಲಿ ಅಳಿಸ್ದೆ, ಅಷ್ಟರಲ್ಲೇ... ಹೇಳೋಕೆ ಧೈರ್ಯ ಬರ್ಲಿಲ್ಲ. ನಾನೇ ಕಳಿಸಿದ್ದು ಅಂತ ನಿನ್ನೆ ಪ್ರಿನ್ಸಿಪಾಲರಿಗೆ ಬರೆದುಕೊಟ್ಟೆ. ನನ್ನನ್ನೂ ಒಂದು ವರ್ಷ ಹೊರಗಿಟ್ರು."

"ಅದರಿಂದ ನನಗೇನು ಬಂತು? ನಿನ್ನ ವರ್ಷ ಹೋದ್ರೆ ನಂದು ವಾಪಸ್ ಬರುತ್ತಾ? ಆ ವಿಡಿಯೋ ಎಲ್ಲಾದ್ರೂ ಸಾಯುತ್ತಾ?"

"ಇಲ್ಲ" ಎಂದ. "ಮೊದಮೊದಲು ತಪ್ಪಿಗೋಸ್ಕರ ಬಂದೆ. ಆಮೇಲೆಲ್ಲ ನಿನಗೋಸ್ಕರ. ನಂಗೆ ನೀನಂದ್ರೆ ಜೀವ. ಕ್ಷಮಿಸು ಅಂತ ಕೇಳಲ್ಲ."

ಎಂತಹ ಗಳಿಗೆಯಲ್ಲಿ ಬಂತು ಆ ಮಾತು! ಬಾಚಿ ತಬ್ಬಿಕೊಳ್ಳಬೇಕೆನಿಸಿತು, ಕೆನ್ನೆಗೆ ಬಾರಿಸಬೇಕೆನಿಸಿತು. ಎರಡನ್ನೂ ಮಾಡಲಾಗದೆ ಬೆಂಚಿನ ಮೇಲೆ ಕುಸಿದಳು. ಗೆಳತಿಯ ನೆನಪಾಯಿತು. ಅವಳಿಗೆ ಯಾವ ಮುಖ ಹೊತ್ತು ಸಾರಿ ಕೇಳುವುದು?

ಅವನು ಒಂದು ಮಾರು ದೂರದಲ್ಲಿ ಕೂತ. ಅವಳೇ ಸರಿದು ಅವನ ತೋಳಿಗೆ ಎರಡು ಬೆರಳು ಒತ್ತಿದಳು, ಸೂಜಿ ಚುಚ್ಚುವ ಜಾಗಕ್ಕೆ ಸರಿಯಾಗಿ.

"ನೋವಾಯ್ತಾ?"

"ಹೂಂ."

"ನಂಗೂ."

ಬಸ್ ಬಂತು. ಅವನು ಹಾಸಿಗೆಯ ಗಂಟನ್ನು ಮೇಲೆತ್ತಿ ಕೊಟ್ಟ.

"ಮುಂದಿನ ವರ್ಷ ಬರ್ತೀಯಾ?"

"ಗೊತ್ತಿಲ್ಲ. ಬರೋಕಾಗಲ್ಲ ಅನ್ಸುತ್ತೆ."

"ಏಳು ಗಂಟೆಗೆ ಬೀಗ ತೆಗೆದಿರ್ತೀನಿ."

ಅವಳು ಕಿಟಕಿಯ ಸರಳು ಹಿಡಿದಳು. ಕೆಳಗಿನಿಂದ ಅವನು ಆ ಕೈಯ ಮೇಲೆ ಕೈಯಿಟ್ಟ. ಅವಳು ಎಳೆದುಕೊಳ್ಳಲಿಲ್ಲ.

"ಫೋನ್?" ಎಂದಳು.

"ಆಫ್" ಎಂದ.