ಒಂದೇ ಪ್ಯಾಕೆಟ್ಟಿನ ತಟ್ಟೆಗಳು

ಬೋವಾಜ್ ಪೇಪರ್ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿತಾಳನ್ನು ನೋಡಿದ. ಅವನ ಕಂದು ಕಣ್ಣು ಇಷ್ಟು ಮೆತ್ತಗಾದದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

“ನನಗೋಸ್ಕರ ಹೊಸ ತಟ್ಟೆ ತಂದೆಯಾ?”

ಮಾಂಸಕ್ಕೊಂದು, ಹಾಲಿಗೊಂದು ಅಂತ ಪಾತ್ರೆ ಬೇರೆ ಇಡುವ ಯೆಹೂದಿ ಮನೆತನ ಅವನದು. ಹೊರಗೆ ತರಕಾರಿ ಊಟ ಮಾಡುತ್ತಾನೆ, ಆದರೆ ಯಾರೂ ಬಳಸದ ತಟ್ಟೆಯಲ್ಲಿ. ಕೇಳುವುದಕ್ಕೆ ಸಂಕೋಚ. ಇವತ್ತು ಕೇಳದೆಯೇ ಸಿಕ್ಕಿತ್ತು.

ಅಡುಗೆಮನೆ ಬಾಗಿಲಲ್ಲಿ ಹಿತಾಳ ಅಮ್ಮ ವತ್ಸಲಾ ಸೌಟು ಹಿಡಿದು ನಿಂತಿದ್ದರು. ಮೈಸೂರಿಂದ, ಡಚ್ ನಾಡಿನ ಬೈಟನ್‌ವೆಲ್ಡರ್ಟ್ ಬಡಾವಣೆಯಲ್ಲಿದ್ದ ಮಗಳ ಫ್ಲಾಟಿಗೆ ಬಂದಿದ್ದ ಅವರೇ ಬೆಳಿಗ್ಗೆ ಹೇಳಿದ್ದರು: “ದನ ತಿನ್ನೋರು ಕಣೇ. ನಮ್ಮ ಸ್ಟೀಲ್ ತಟ್ಟೆ ಬೇಡ.” ಪ್ಯಾಕೆಟ್ಟು ತೆಗೆದುಕೊಟ್ಟವಳು ಹಿತಾ.

“ಹೂಂ,” ಅಂದಳು. “ನಿನಗೋಸ್ಕರವೇ.”

ಮೇಜಿನ ಕೆಳಗೆ ಅವನ ಬೆರಳು ಅವಳ ಕಿರುಬೆರಳನ್ನು ಹುಡುಕಿತು. ಬೇಸಿಗೆಯಿಡೀ ಅವಳು ಕಾದಿದ್ದ ಸ್ಪರ್ಶ. ಅವಳ ಕೆನ್ನೆ ಕೆಂಪೇರಿತು. ಪ್ರೀತಿಗೆ ಅಂದುಕೊಂಡ ಅವನು.

ಅವರ ಪರಿಚಯವಾದದ್ದು ಅವನ ಪ್ರಾರ್ಥನಾಮಂದಿರದ, ಅಂದರೆ ಸಿನಗಾಗ್‌ನ, ಅಡುಗೆಮನೆಯಲ್ಲಿ. ಆ ಪುಟ್ಟ ಯೆಹೂದಿ ಸಮುದಾಯ ಭಾನುವಾರ ಬಂತೆಂದರೆ, ದೇಶ ಬಿಟ್ಟು ಓಡಿಬಂದವರಿಗಾಗಿ ಸೂಪ್ ಕಾಯಿಸುತ್ತದೆ. ತಿಕ್ಕುನ್ ಓಲಾಮ್ ಅನ್ನುತ್ತಾರೆ ಅದಕ್ಕೆ, ಲೋಕದ ರಿಪೇರಿ. ಹಿತಾಳನ್ನು ಅಲ್ಲಿಗೆ ಕರೆದುಕೊಂಡು ಹೋದವನು ಅವಳ ಆಫೀಸಿನ ಹಾಲಪ್ಪ, ರಾಯಚೂರಿನವನು.

“ಇದು ಈರುಳ್ಳಿ ಹೆಚ್ಚೋದಾ, ಕೊಲೆ ಮಾಡೋದಾ?” ಬೋವಾಜ್ ಮೊದಲ ದಿನವೇ ಕೆಣಕಿದ್ದ.

“ಬಾಯಿ ಮುಚ್ಚಿಕೊಂಡು ಕ್ಯಾರೆಟ್ ತೊಳಿ.”

ಅಂದಿನಿಂದ ಅವನ ಕ್ಯಾರೆಟ್ ಯಾವಾಗಲೂ ಅವಳ ಈರುಳ್ಳಿಯ ಪಕ್ಕದಲ್ಲೇ.

ಹಿತಾಳ ಮನೆಯ ಊಟವಾದ ಮುಂದಿನ ಭಾನುವಾರ ಬೋವಾಜ್ ಆ ಅಡುಗೆಮನೆಯಲ್ಲಿ ಎಲ್ಲರೆದುರು ಹೇಳಿಬಿಟ್ಟ. “ಯಾರೂ ಹೇಳಿಕೊಟ್ಟಿಲ್ಲ. ತಾನೇ ಯೋಚಿಸಿ ನನಗೆ ಹೊಸ ತಟ್ಟೆ ಇಟ್ಟಿದ್ದಳು!” ಅಜ್ಜಿಯೊಬ್ಬರು “ಸ್ಖಾತ್ಯ, ಬಂಗಾರ!” ಅಂತ ಅವಳ ಕೆನ್ನೆ ಹಿಂಡಿದರು. ಇನ್ನೊಬ್ಬರು ಅವಳನ್ನು ಶುಕ್ರವಾರದ ಊಟಕ್ಕೆ ಕರೆದರು.

ಹಾಲಪ್ಪ ಚಾಕು ಕೆಳಗಿಟ್ಟ. ಮೆಲ್ಲಗೆ, ಕನ್ನಡದಲ್ಲಿ, ನಗುತ್ತಲೇ ಕೇಳಿದ:

“ಗಣಪತಿ ಹಬ್ಬಕ್ಕ ನಿಮ್ಮ ಮನಿಗೆ ಬಂದಾಗ ನನಗೂ ಅದೇ ಪ್ಯಾಕೆಟ್ಟಿಂದು ಕೊಟ್ಟಿದ್ರಿ ಅಲ್ಲವಾ? ನಾ ಯಾವಾಗ ಯೆಹೂದಿ ಆದೆ?”

ಹಬ್ಬದ ದಿನ ಅಮ್ಮ ಅವನನ್ನು ಕೇಳಿದ್ದರು: ಊರಲ್ಲಿ ಯಾವ ಕೇರಿ? ಅವನು ಹೇಳಿದ್ದ. ಆಮೇಲೆ ಎಲ್ಲರಿಗೂ ಸ್ಟೀಲ್ ತಟ್ಟೆ, ಅವನೊಬ್ಬನಿಗೆ ಪೇಪರ್. ಹಿತಾ ಅದರ ಮೇಲೆ ಕೋಸಂಬರಿ ಬಡಿಸಿದ್ದಳು, ತಲೆ ಎತ್ತದೆ.

“ಏನಂದ?” ಬೋವಾಜ್ ಕೇಳಿದ.

“ಈರುಳ್ಳಿ ಖಾರ ಇದೆಯಂತೆ.”

ಹಾಲಪ್ಪ ಅವಳನ್ನೇ ನೋಡಿದ. ಮತ್ತೆ ಚಾಕು ಎತ್ತಿಕೊಂಡ. ಅವನು ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಲೋಕದ ರಿಪೇರಿಗೆ ಅಂತ ಬಂದು, ಪಕ್ಕದಲ್ಲಿ ನಿಂತವನನ್ನು ತಾನೇ ಒಡೆದಿಟ್ಟಿದ್ದಳಲ್ಲ. ಅವಳು ಏಪ್ರನ್ ಬಿಚ್ಚಿ ಹೊರಗೆ ಓಡಿದಳು.

ಸೈಕಲ್ ಸ್ಟ್ಯಾಂಡಿನ ಹತ್ತಿರ ಬೋವಾಜ್ ಬಂದು ನಿಂತಾಗ ಎಲ್ಲ ಹೇಳಿದಳು. ಅವನ ಮುಖ ನೋಡಲಾಗಲಿಲ್ಲ. ಯಾರದೋ ಸೈಕಲ್ಲಿನ ಬೆಲ್ ನೋಡುತ್ತಾ ಹೇಳಿದಳು.

“ನಾನದನ್ನ ಗೌರವ ಅಂದುಕೊಂಡೆ,” ಅಂದ ಅವನು. “ನಮ್ಮಜ್ಜಿ ಚಿಕ್ಕವಳಿದ್ದಾಗ, ನಾಜಿಗಳ ಕಾಲದಲ್ಲಿ, ಈ ಊರಿನ ಪಾರ್ಕಿನ ಬೆಂಚಿನಲ್ಲಿ ಕೂರೋ ಹಾಗಿರಲಿಲ್ಲ. ಯೆಹೂದಿಗಳಿಗೆ ಪ್ರವೇಶವಿಲ್ಲ ಅಂತ ಬೋರ್ಡು. ನಿಮ್ಮಮ್ಮ ಬೋರ್ಡು ಹಾಕಲಿಲ್ಲ, ಅಷ್ಟೇ.”

“ಅಮ್ಮ ಅಲ್ಲ. ನಾನೂ. ಕ್ಷಮಿಸು ಬೋವಾಜ್.”

“ನನ್ನನ್ನ ಮೊದಲು ಕೇಳಬೇಡ. ಯೋಮ್ ಕಿಪ್ಪೂರಿನ ಪ್ರಾಯಶ್ಚಿತ್ತದ ಉಪವಾಸಕ್ಕೆ ಮುಂಚೆ ನಾವು ನೋಯಿಸಿದವರ ಬಾಗಿಲಿಗೇ ಹೋಗ್ತೀವಿ. ಮನುಷ್ಯನಿಗೆ ಮಾಡಿದ್ದನ್ನ ದೇವರ ಹತ್ತಿರ ಬಗೆಹರಿಸಿಕೊಳ್ಳೋಕಾಗಲ್ಲ.”

“ಆಮೇಲೆ? ನೀನು?”

“ಗೊತ್ತಿಲ್ಲ, ಹಿತಾ.” ಅವಳ ಹೆಸರನ್ನು ಯಾವಾಗಲೂ ಎಳೆದು ಹೇಳುವವನು, ಅಂದು ತುಂಡರಿಸಿ ಹೇಳಿದ.

ಹಾಲಪ್ಪ ಟ್ರ್ಯಾಮ್ ಸ್ಟಾಪಿನಲ್ಲಿ ಸಿಕ್ಕ. ಅವಳು ಶುರುಮಾಡುತ್ತಿದ್ದಂತೆಯೇ ಕೈ ಅಡ್ಡ ಹಿಡಿದ.

“ಅಳಬ್ಯಾಡವಾ. ನೀ ಅತ್ತರ ನಾನ ಸಮಾಧಾನ ಮಾಡ್ಬೇಕಾಗ್ತದ. ಅದೂ ನಂದೇ ಕೆಲಸ ಏನು?”

ಅವಳು ಕಣ್ಣೊರೆಸಿಕೊಂಡಳು. “ನಾನು ನೋಡಿದೆ. ಗೊತ್ತಿತ್ತು. ಸುಮ್ಮನಿದ್ದೆ. ತಪ್ಪಾಯ್ತು.”

“ಕ್ಷಮಾ ಗಿಮಾ ನನಗ ಗೊತ್ತಾಗಂಗಿಲ್ಲ. ಊಟಕ್ಕ ಕರಿ. ತಟ್ಟಿ ನಾ ಆರಿಸ್ತೀನಿ.”

ಕರೆದಳು. ಬೋವಾಜನಿಗೂ ಮೆಸೇಜ್ ಹಾಕಿದಳು. ಉತ್ತರ ಬರಲಿಲ್ಲ.

ಊಟದ ದಿನ ಹಾಲಪ್ಪ ನೆಟ್ಟಗೆ ಅಡುಗೆಮನೆಗೆ ನಡೆದ. ಸ್ಟ್ಯಾಂಡಿನಿಂದ, ಅಂಚಿಗೆ ಹೆಸರು ಕೆತ್ತಿದ ಅಗಲ ತಟ್ಟೆ ಎಳೆದ.

“ಅದು ನಂದು,” ಅಂದರು ವತ್ಸಲಾ.

“ಗೊತ್ತಾತ್ರಿ ಅಮ್ಮಾರ. ಹೆಸರು ಬರದದ.”

ಅಮ್ಮ ಮಗಳ ಕಡೆ ತಿರುಗಿದರು. “ಅದರಲ್ಲೇ ಬಡಿಸ್ತೀನಮ್ಮ,” ಅಂದಳು ಹಿತಾ. ಅಮ್ಮ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಸದ್ದು ಜೋರಾಗೇನೂ ಇರಲಿಲ್ಲ.

ಆಗ ಬಾಗಿಲ ಬೆಲ್ ಆಯಿತು. ಹೊಸ್ತಿಲಲ್ಲಿ ಬೋವಾಜ್, ಗಾಳಿಗೆ ಕೆದರಿದ ಕೂದಲು, ಕೈಯಲ್ಲಿ ಬಟ್ಟೆಯ ಚೀಲ. ಒಳಗಿನಿಂದ ನೀಲಿ ಅಂಚಿನ ಪಿಂಗಾಣಿ ತಟ್ಟೆಯೊಂದನ್ನು ತೆಗೆದ.

“ನನ್ನದು. ಸಿಟ್ಟಿನ್ನೂ ಪೂರ್ತಿ ಹೋಗಿಲ್ಲ. ಆದರೆ ನೀನಿಲ್ಲದೆ ಕ್ಯಾರೆಟ್ ತೊಳೆಯೋಕೆ ಆಗ್ತಿಲ್ಲ.” ಅವನ ಕಿವಿ ಕೆಂಪಾಗಿತ್ತು. “ಪ್ರತಿಸಲ ಹೊತ್ತು ತರೋದು ಕಷ್ಟ. ಇದು ಇಲ್ಲೇ ಇರಲಿ ಅಂತ ಆಸೆ. ನಾನೂ.”

ಹಿತಾ ತಟ್ಟೆ ಎದೆಗೊತ್ತಿಕೊಂಡಳು. ಕೇಳಬೇಕಾದ್ದನ್ನು ನಾಚಿಕೆಯಿಂದಲೇ ಕೇಳಿದಳು. “ಬೇರೆ... ಬೇರೆ ಶೆಲ್ಫಿನಲ್ಲಿ ಇಡಲಾ?”

“ಬೇರೆ ಶೆಲ್ಫಿನಲ್ಲೇ. ಇದು ನನ್ನ ಕಟ್ಟಳೆ, ನಾನೇ ಕೇಳ್ತಿದೀನಿ. ಹಾಲಪ್ಪ ಬೇರೆ ತಟ್ಟೆ ಕೇಳಿದ್ದನಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಮೇಲಿನ ಶೆಲ್ಫಿನಲ್ಲಿದ್ದ ಅರ್ಧ ಖಾಲಿ ಪ್ಯಾಕೆಟ್ಟನ್ನು ಕಸದ ಬುಟ್ಟಿಗೆ ಹಾಕಿ, ನೀಲಿ ಅಂಚಿನ ತಟ್ಟೆಗೆ ಆ ಜಾಗ ಒರೆಸಿಟ್ಟಳು. ಬೋವಾಜನ ಕೈ ಹಿಂದಿನಿಂದ ಬಂದು ಒರೆಸುವ ಬಟ್ಟೆಯ ಸಮೇತ ಅವಳ ಕೈ ಹಿಡಿಯಿತು.

“ನಿಮ್ಮ ಪ್ರೀತಿ ಆಮ್ಯಾಲ,” ಮೇಜಿನಿಂದ ಹಾಲಪ್ಪ ಕೂಗಿದ. “ಸಾರು ಆರ್ತದ.”

ಹಿತಾ ಸೌಟು ತಂದಳು. ಮುಚ್ಚಿದ ಕೋಣೆಯ ಕಡೆಗೊಮ್ಮೆ ಕಣ್ಣು ಹೋಯಿತು. ಬಡಿಸುತ್ತಿದ್ದ ಸಾರು ತಟ್ಟೆಯಂಚಿನ ಅಮ್ಮನ ಹೆಸರಿನ ಮೇಲೆ ಚೆಲ್ಲಿತು. ಹಾಲಪ್ಪ ಒರೆಸಲಿಲ್ಲ. ಅವಳು ತಲೆ ಎತ್ತುವವರೆಗೂ ತಟ್ಟೆಯನ್ನು ಮುಂದೆ ಹಿಡಿದೇ ಇದ್ದ.