ನೀಲವ್ವನ ಗುಂಡಿಹಲಗೆ

ನೀಲವ್ವ ಹೊಸ್ತಿಲ ಮುಂದಿನ ಹಾಸುಗಲ್ಲಿನ ಮೇಲೆ ಬಲಗಾಲಿಟ್ಟಳು. ಕಲ್ಲಿನ ಕೆಳಗಿದ್ದ ನಡೆಗುರುತು ಯಂತ್ರ ಆ ಹೆಜ್ಜೆಯ ಭಾರವನ್ನು ತೂಗಿತು, ಎಡಗಾಲು ಊರುವವರೆಗಿನ ಬಿಡುವನ್ನು ಅಳೆಯಿತು, ತನ್ನ ನೆನಪಿನಲ್ಲಿದ್ದ ನೀಲವ್ವನೊಂದಿಗೆ ಹೋಲಿಸಿ ನೋಡಿತು. ಹೋಲಲಿಲ್ಲ. ಬಾಗಿಲು ಬಿಗಿದುಕೊಂಡಿತು. ಹುಬ್ಬಳ್ಳಿಯ ಉಣಕಲ್ಲಿನ ಇಡೀ ಓಣಿಗೆ ಕೇಳುವಂತೆ ಸೈರನ್ ಕೂಗತೊಡಗಿತು.

"ಮತ್ತ ನೀನಾ?" ಗಂಡ ಗದಿಗೆಪ್ಪ ಬಚ್ಚಲಿನಿಂದಲೇ ಒದರಿದ.

"ಅಲ್ಲ, ಕಳ್ಳಿ ಬಂದೀನಿ. ಲಗೂನ ಬಂದು ಬಾಗ್ಲಾ ತಗೀರಿ!"

ಮೈಮೇಲೆ ಸೋಪಿನ ನೊರೆ ಹೊತ್ತುಕೊಂಡೇ ಅವನು ಓಡಿಬಂದ.

ಹುಬ್ಬಳ್ಳಿಯಲ್ಲಿ ಆಗ ಬೀಗ, ಕೀಲಿಕೈ ಇರುವ ಮನೆಗಳೇ ಉಳಿದಿರಲಿಲ್ಲ. ಮುಖವನ್ನು ಯಂತ್ರಗಳು ಚಿತ್ರಿಸಬಲ್ಲವು, ದನಿಯನ್ನು ಅನುಕರಿಸಬಲ್ಲವು. ಆದರೆ ಒಬ್ಬರ ನಡಿಗೆಯನ್ನು ಇನ್ನೊಬ್ಬರು ಕದಿಯಲಾರರು. ಆ ನಂಬಿಕೆಯ ಮೇಲೆ ಊರಿನ ಬಾಗಿಲುಗಳೆಲ್ಲ ನಿಂತಿದ್ದವು. ನೀಲವ್ವನ ಮೊಣಕಾಲಿನ ಕೀಲು ಸವೆದು, ವೈದ್ಯರು ಲೋಹದ ಕೀಲು ಕೂರಿಸಿದರು. ನೋವು ಹೋಯಿತು. ಅದರ ಜೊತೆಗೆ ಹಳೆಯ ಕುಂಟುನಡಿಗೆಯೂ ಹೋಯಿತು. ಮನೆಗೆ ಗೊತ್ತಿದ್ದದ್ದು ಕುಂಟುವ ನೀಲವ್ವ ಮಾತ್ರ.

ನಡೆಗುರುತು ಯಂತ್ರವನ್ನು ರೂಪಿಸಿದ ವಿಜ್ಞಾನಿಗಳ ತಂಡದಲ್ಲಿದ್ದ ವಿಶಾಖಾ ಇನಾಮದಾರ ಎದುರು ಮನೆಯಲ್ಲೇ ಒಬ್ಬಳೇ ಇದ್ದಳು. ನೀಲವ್ವ ನೆಟ್ಟಗೆ ಅಲ್ಲಿಗೆ ಹೋದಳು.

"ಯಂತ್ರ ಹೊಸಾ ನಡಿಗಿ ಕಲೀಲಿಕ್ಕೆ ಒಂದಿಷ್ಟು ತಿಂಗಳು ಬೇಕ್ರಿ," ಎಂದಳು ವಿಶಾಖಾ. "ಅಲ್ಲೀತನಕಾ ಯಜಮಾನ್ರ ಕೈ ಹಿಡಕೊಂಡು ಒಳಗ ಹೋಗ್ರಿ. ಅವರ ಹೆಜ್ಜಿ ಸಿಕ್ಕರ ಸಾಕು, ಬಾಗಲಾ ತೆರೀತದ."

"ಹುಟ್ಟಿದಾಗಿಂದ ದುಡದು ತಿಂದಾಕಿ ನಾ. ಊರ ಮಂದೀನ್ನೆಲ್ಲಾ ಬಸ್ ಹತ್ತಿಸೀನಿ. ನನ್ನ ಮನಿ ಹೊಕ್ಕಾಕ ಅವ್ರ ಕೈ ಹಿಡೀಬೇಕೇನು? ಅವ್ರು ಇಸ್ಪೀಟಾಡಾಕ ಹೋದ್ರ ನಾ ಕಟ್ಟಿಮ್ಯಾಲ ಕುಂದ್ರಬೇಕು?"

ವಿಶಾಖಾ ನಕ್ಕಳು. ನೀಲವ್ವ ನಗಲಿಲ್ಲ.

"ಬ್ಯಾರೆ ದಾರಿ ಐತೋ ಇಲ್ಲೋ, ಅಷ್ಟ ಹೇಳ್ರಿ."

ದಾರಿ ಇತ್ತು. ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಹೊರಗಿನಿಂದ ಬಾಗಿಲು ತೆರೆಯಲೆಂದು ಪ್ರತಿ ಮನೆಯ ಗೋಡೆಯಲ್ಲೂ ಒಂದು ಅನುಮತಿ ತಂತಿ ಬಿಟ್ಟಿದ್ದರು. ಸರಿಯಾದ ಸಂಕೇತ ಕೊಟ್ಟರೆ ಯಂತ್ರ ಹೆಜ್ಜೆಯನ್ನು ಕೇಳುವುದೇ ಇಲ್ಲ. "ಆ ತಂತಿಗೆ ಅಂಕಿ ಒತ್ತೂ ಗುಂಡಿಹಲಗಿ ಮಾಡ್ಕೊಳ್ರಿ. ಆದರ ಗುಟ್ಟಿನ ಅಂಕಿ ಯಾರಿಗೂ ಹೇಳಬ್ಯಾಡ್ರಿ," ಎಂದು ವಿಶಾಖಾ ಎಚ್ಚರಿಸಿದಳು. "ಯಜಮಾನ್ರಿಗೂ."

ನೀಲವ್ವ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತಳಾದಾಗ ಡಿಪೋದವರು ಶಾಲು ಹೊದಿಸಿ ಅವಳ ಹಳೆಯ ಟಿಕೆಟ್ ಯಂತ್ರವನ್ನೇ ಕೈಗಿತ್ತಿದ್ದರು. ಅದರ ಅಂಕಿಗಳ ಗುಂಡಿಹಲಗೆಯನ್ನು ಅವಳು ಬಿಚ್ಚಿದಳು. ಅಡ್ಡಸಾಲಿಗೊಂದು ತಂತಿ, ಕಂಬಸಾಲಿಗೊಂದು ತಂತಿ. ಗುಂಡಿ ಒತ್ತಿದಾಗ ಎರಡು ತಂತಿಗಳು ತಗಲುತ್ತವೆ. ಉಗುರಗಲದ ಎಲೆಕ್ಟ್ರಾನಿಕ್ ಮಿದುಳುಬಿಲ್ಲೆಯೊಂದು ಸಾಲುಸಾಲಾಗಿ ವಿಚಾರಿಸುತ್ತ ಒತ್ತಿದ್ದು ಯಾವುದೆಂದು ಪತ್ತೆ ಹಚ್ಚುತ್ತದೆ. ಚೆಕಿಂಗಿಗೆ ಬಂದವನು ಸೀಟುಸೀಟಿಗೂ ಟಿಕೆಟ್ ಕೇಳಿದ ಹಾಗೆ ಎಂದು ಅವಳು ಅರ್ಥ ಮಾಡಿಕೊಂಡಳು.

ಬೆಸುಗೆಯ ಕಡ್ಡಿ ಬೆರಳು ಸುಟ್ಟಿತು. ಎಲ್ಲ ಜೋಡಿಸಿ, ಅನುಮತಿ ತಂತಿಗೆ ಸೇರಿಸಿ, ಗೋಡೆಗೆ ಬಿಗಿದು ಅಂಕಿ ಒತ್ತಿದಳು. ಸೈರನ್ ಕೂಗಿತು. ಮತ್ತೆ ಒತ್ತಿದಳು. ಮತ್ತೆ ಕೂಗಿತು.

"ನೀಲಕ್ಕಾ, ಹೊಟ್ಯಾಗಿನ ಕೂಸು ಬೆಚ್ಚಿ ಬೀಳಾಕತ್ತೈತಿ!" ಪಕ್ಕದ ಮನೆಯ ಬಸುರಿ ಮುಬೀನಾ ಕಿಟಕಿಯಿಂದ ಕೂಗಿದಳು.

"ರೂಢಿ ಆಗ್ಲಿ ಬಿಡವಾ, ನಾಳೆ ಹುಬ್ಬಳ್ಳ್ಯಾಗ ಬಾಳೇ ಮಾಡೂದು!"

ತಪ್ಪು ಹುಡುಕಲು ಅವಳು ಗುಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. 1 ಸರಿ. 5 ಸರಿ. ಆದರೆ 4 ಒತ್ತಿದರೆ 2 ಬರುತ್ತಿತ್ತು, 7 ಒತ್ತಿದರೆ 3. ಅಡ್ಡಸಾಲು, ಕಂಬಸಾಲುಗಳ ತಂತಿಗಳು ಅದಲುಬದಲಾಗಿದ್ದವು. ಗದಿಗೆಪ್ಪ ಊಟಕ್ಕೆ ಕರೆದ. "ನೀವು ಉಣ್ರಿ," ಎಂದು ಎಲ್ಲ ಬಿಚ್ಚಿ ಮೊದಲಿನಿಂದ ಜೋಡಿಸಿದಳು. ಈ ಸಲ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಅವಳು ಹೊರಗೆ ಹೋದಳು, ಒಳಗೆ ಬಂದಳು, ಮತ್ತೆ ಹೊರಗೆ ಹೋದಳು.

ಅಂಕಿಯನ್ನು ಅವಳು ಆರಿಸಿದ್ದೇನೂ ಅಲ್ಲ. ಡ್ಯೂಟಿ ಶುರುವಾಗುವಾಗ ಟಿಕೆಟ್ ಯಂತ್ರಕ್ಕೆ ಮೊದಲು ಬಸ್ಸಿನ ನಂಬರ್ ಒತ್ತಬೇಕಿತ್ತು. ಬಿಲ್ಲೆಗೆ ಗುಟ್ಟಿನ ಅಂಕಿ ತುಂಬುವಾಗ ಬೆರಳು ತಾನಾಗಿಯೇ ಹೋಗಿ ಒತ್ತಿದ್ದು ಅದನ್ನೇ: 4172.

ಒಂದು ಮಧ್ಯಾಹ್ನ ಕಾಯಿಪಲ್ಲೆ ತರಲು ಹೋಗಿದ್ದ ನೀಲವ್ವ ಬಂದು ನೋಡಿದರೆ ಹೊಸ್ತಿಲ ಹೊರಗೆ ಯಾರವೋ ಚಪ್ಪಲಿ. ಒಳಗೆ ಕುರ್ಚಿಯಲ್ಲಿ ವಿಶಾಖಾ, ಬಾತ ಪಾದವನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದಳು.

"ಕಾಲು ಉಳುಕ್ಯದ. ಕುಂಟಕೋತ ಬಂದೆ, ನಮ್ಮ ಮನಿ ನನಗ ಕಳ್ಳಿ ಅಂತು," ಎಂದಳು ಮುಖ ಕೆಂಪಗೆ ಮಾಡಿಕೊಂಡು. "ನನ್ನ ಯಂತ್ರ ನನಗ!"

"ಅದಿರ್ಲಿ. ನಿಮಗ ಅಂಕಿ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಕಾಲೇಜಿಗೆ ಹೋಗೂ ಮುಂದ ದಿನಾ ನಿಮ್ಮ ಬಸ್ಸಿಗೇ ಕಾಯ್ತಿದ್ದೆ. ಇಡೀ ಓಣಿ ನಿಮಗ ಇನ್ನೂ 'ನಾಕು ಒಂದು ಏಳು ಎರಡರ ನೀಲಕ್ಕ' ಅಂತದ. ಮೊದಲ್ನೇ ಸಲಕ್ಕೇ ತೆರೀತು."

ನೀಲವ್ವ ಅವಳ ಮುಖವನ್ನೇ ದಿಟ್ಟಿಸಿದಳು. "ಪಾಸ್ ಮರ್ತು ಬಂದು ಜಗಳಾ ತಗದಿದ್ದಾಕಿ ನೀನ ಏನು? ಇಳಿಸಿ ಬಿಟ್ಟಿದ್ದೆ."

"ಹೂಂ. ನಡು ರಸ್ತಾದಾಗ," ಎಂದಳು ವಿಶಾಖಾ. ಆಮೇಲೆ ವಿಜ್ಞಾನಿಯ ದನಿ ತಂದುಕೊಂಡು, "ಊರಿಗೆಲ್ಲಾ ಗೊತ್ತಿದ್ದದ್ದು ಗುಟ್ಟಲ್ಲರೀ. ಈಗಿಂದೀಗ ಬದಲಿ ಮಾಡ್ರಿ."

ಮಾತು ನಿಜವೇ. ನೀಲವ್ವ ಗುಂಡಿಹಲಗೆಯ ಹತ್ತಿರ ಹೋಗಿ ಹಳೆಯ ಅಂಕಿ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು.

ಪಕ್ಕದ ಮನೆಯ ಸೈರನ್ ಕೂಗಿತು. ಮುಬೀನಾ ತನ್ನದೇ ಬಾಗಿಲ ಮುಂದೆ ಗೋಡೆ ಹಿಡಿದು ನಿಂತಿದ್ದಳು. ತುಂಬಿದ ಹೊಟ್ಟೆಯ ಭಾರಕ್ಕೆ ಅವಳ ನಡಿಗೆ ಬದಲಾಗಿತ್ತು. ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಅವಳು ಸುತ್ತ ನೋಡಿದಳು, ನೀಲವ್ವನ ಗೋಡೆಯ ಗುಂಡಿಗಳನ್ನು ನೋಡಿದಳು, ಈ ಕಡೆಗೆ ಹೆಜ್ಜೆ ಹಾಕಿದಳು.

ನೀಲವ್ವ ಬೆರಳು ತೆಗೆದಳು. ಬಾಗಿಲನ್ನು ಪೂರ್ತಿ ತೆರೆದು ಹಿಡಿದು, ಒಳಗೆ ತಿರುಗಿ ತನ್ನ ಹಳೆಯ ಕಂಡಕ್ಟರ್ ದನಿಯಲ್ಲಿ ಕೂಗಿದಳು:

"ಒಂಚೂರು ಒಳಗ ಸರೀರಿ ಮೇಡಂ, ಹತ್ತಾವ್ರು ಇನ್ನೂ ಅದಾರ!"